ಕೆಳಗೆ ಹಿಡಿದವನ ಮಾತು

ಆಪರೇಷನ್ ಮುಗಿಸಿ ಮನೆಗೆ ಬಂದ ಐದನೆಯ ದಿನ ನನ್ನ ಗಂಡ ತಾವಾಗಿಯೇ ಎದ್ದು ಕುಳಿತು, ಹಸಿವಾಗುತ್ತಿದೆ, ಎರಡು ಮೊಟ್ಟೆ ಬೇಯಿಸು ಎಂದರು. ಆ ಖುಷಿಗೆ ಅತ್ತೆ ಮೂರು ಬೇಯಿಸಿದರು. ತಟ್ಟೆ ಮೇಜಿಗೆ ಬರುವಷ್ಟರಲ್ಲಿ ಮಾವ ಅಡುಗೆಮನೆಯ ತಕ್ಕಡಿಯನ್ನು ತಂದು ಅಲ್ಲಿಟ್ಟಿದ್ದರು. ಒಂದು ಮೊಟ್ಟೆಯನ್ನು ಅದರ ಮೇಲೆ ಕೂರಿಸಿ "ಐವತ್ತೆಂಟು" ಎಂದರು. ಚಮಚ ಇಟ್ಟು "ಇಪ್ಪತ್ತಮೂರು" ಎಂದರು. ಮೊಮ್ಮಗಳ ಪೆನ್ಸಿಲ್ಲು ನಾಲ್ಕು. ಕೊನೆಗೆ ಬೀರುವಿನ ಬೀಗದ ಕೈಯನ್ನು ಇಟ್ಟು, ಬಗ್ಗಿ ನೋಡಿ, "ಎಂಟು ಗ್ರಾಂ" ಎಂದು ನಮ್ಮೆಲ್ಲರ ಮುಖ ನೋಡಿದರು.

"ಇಷ್ಟೇ ನೋಡು. ಇಷ್ಟಕ್ಕೆ ನನ್ನ ಮಗ ಬಿದ್ದ."

"ಮೊಟ್ಟೆ ಆರ್ತಾ ಇದೆ, ಮೊದಲು ಆ ತಕ್ಕಡಿ ತೆಗೀರಿ," ಎಂದರು ಅತ್ತೆ.

ಇವರ ಎದೆಯಿಂದ ಕತ್ತರಿಸಿ ತೆಗೆದ ಮಾಂಸ ಎಂಟು ಗ್ರಾಂ ಇತ್ತೆಂದು ಹೇಳಿದ್ದು ಆಪರೇಷನ್ ಮಾಡಿದ ಡಾಕ್ಟರು. ಹೇಳಿದ್ದಲ್ಲ, ಮಾವ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದು. ಉಳಿದವರು ಜೀವಕ್ಕೆ ಅಪಾಯ ಇಲ್ಲ ತಾನೆ ಎಂದು ಕೇಳಿದರೆ ನಮ್ಮ ಮಾವ ತೂಕ ಕೇಳಿದರು. ಅವರ ತಪ್ಪಲ್ಲ. ಮನೆ ಸಾಮಾನು ಸಾಗಿಸುವುದು ನಮ್ಮ ಕಸುಬು. ಒಬ್ಬರ ಮನೆಯಲ್ಲಿ ಬಿಚ್ಚಿ, ಕಟ್ಟಿ, ಹೊತ್ತು, ಇನ್ನೊಂದು ಮನೆಯಲ್ಲಿ ಇಳಿಸಿ ಬರಬೇಕು. ಯಾವ ಬೀರುವನ್ನಾಗಲಿ ಒಮ್ಮೆ ನೋಡಿದರೆ ಸಾಕು, ಮಾವ ಅದರ ತೂಕ ಹೇಳುತ್ತಾರೆ, ಎರಡು ಮೂರು ಕಿಲೋ ಆಚೀಚೆ. ವ್ಯಾನು ಎರಡು, ಆಳು ಮೂವರು, ಫೋನು ಎತ್ತುವುದು ಮತ್ತು ಗಾಜಿನ ಸಾಮಾನು ಕಟ್ಟುವುದು ನನ್ನ ಪಾಲು. ಊರವರ ಸಾಮಾನನ್ನೆಲ್ಲ ಹೊತ್ತು ಬದುಕುವ ನಾವೇ ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿದ್ದೇವೆ. ನಗುವವರು ನಗಬಹುದು, ನಾನೂ ನಕ್ಕಿದ್ದೇನೆ.

ಈ ಕಸುಬಿಗೆ ಮಾವ ಮಾಡಿದ ಒಂದು ಕಟ್ಟಳೆ ಇದೆ. ಮೆಟ್ಟಿಲ ಮೇಲೆ ಭಾರ ಹತ್ತಿಸುವಾಗ ಒಬ್ಬನೇ ಮಾತಾಡಬೇಕು, ಅವನು ಮೇಲೆ ಹಿಡಿದವನು. ಹತ್ತು, ತಿರುಗಿಸು, ಇಳಿಸು ಎಲ್ಲ ಅವನ ಬಾಯಿಂದಲೇ ಬರಬೇಕು. ಕೆಳಗೆ ಹಿಡಿದವನ ಮೇಲೆ ಭಾರವೆಲ್ಲ ಇರುತ್ತದೆ, ಆದರೆ ಅವನು ತುಟಿ ಪಿಟಿಕ್ಕೆನ್ನಬಾರದು. ಅವನು ನಿಲ್ಲು ಅಂದು, ಮೇಲಿನವನಿಗೆ ಅದು ಅರ್ಧ ಕೇಳಿಸಿ, ಒಬ್ಬ ನಿಂತು ಇನ್ನೊಬ್ಬ ಎಳೆದರೆ ಬೀರು ಇಬ್ಬರನ್ನೂ ಕೆಡವುತ್ತದೆ ಎಂಬುದು ಮಾವನ ವಾದ. ವಾದದಲ್ಲಿ ತಪ್ಪಿಲ್ಲ. ಮನೆಯೊಳಗೂ ಅದೇ ಕಟ್ಟಳೆ ನಡೆಯುತ್ತಿತ್ತು ಅನ್ನುವುದು ನನ್ನ ತಕರಾರು. ಮಾತು ಮಾವನದು, ಭಾರ ಉಳಿದವರದು.

ಇವರು ಬಿದ್ದದ್ದು ಆ ಕಟ್ಟಳೆಯಿಂದಲೇ. ಎರಡು ಬಾಗಿಲಿನ ಒಂದು ಫ್ರಿಜ್ಜು, ಮೇಲೆ ಮಾವ, ಕೆಳಗೆ ಇವರು, ಪಕ್ಕದಲ್ಲಿ ಫ್ರಿಜ್ಜಿಗೆ ಬಿಗಿದ ಪಟ್ಟಿ ಹಿಡಿದ ಗಡ್ಡದವನು. ಗಡ್ಡದವನು ನಮ್ಮ ಹಳೆಯ ಆಳು. ಎರಡನೆಯ ಮಹಡಿ ದಾಟುವಾಗಲೇ ಇವರಿಗೆ ಕಣ್ಣು ಕತ್ತಲೆ ಬರುತ್ತಿತ್ತಂತೆ. ನಾಲ್ಕು ಮೆಟ್ಟಿಲು ಹಾಗೆಯೇ ಹಲ್ಲು ಕಚ್ಚಿ ಹತ್ತಿ ಐದನೆಯದಕ್ಕೆ ಮೂಟೆಯ ಹಾಗೆ ಕುಸಿದರು. ಗಡ್ಡದವನು ಪಟ್ಟಿ ಬಿಡದಿದ್ದಕ್ಕೆ ಉಳಿದರು. ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ರೀ ಎಂದು ಆಸ್ಪತ್ರೆಯ ಮಂಚದ ಪಕ್ಕ ನಾನು ಅತ್ತುಬಿಟ್ಟೆ. "ನಾನು ಕೆಳಗಿದ್ದೆ ಕಣೇ," ಎಂದರು.

ಡಾಕ್ಟರು ಇವರನ್ನು ಕುಕ್ಕರಗಾಲಲ್ಲಿ ಕೂರಿಸಿ, ಥಟ್ಟನೆ ಏಳಿಸಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ನಿಂತಾಗ ಒಳಗಿನ ಸದ್ದು ಜೋರಾಗುತ್ತದಂತೆ. ಎದೆಯ ಸ್ಕ್ಯಾನ್ ಮಾಡಿದ ಮೇಲೆ ವಿಷಯ ಸ್ಪಷ್ಟವಾಯಿತು. ಹೃದಯದ ನಡುಗೋಡೆ ಬೇಕಾದದ್ದಕ್ಕಿಂತ ದಪ್ಪ ಬೆಳೆದು, ರಕ್ತ ಹೊರಗೆ ಹೋಗುವ ದಾರಿಗೇ ಅಡ್ಡ ಬಂದಿದೆ. ಬಾಗಿಲ ಚೌಕಟ್ಟು ಕಿರಿದಾದರೆ ಮಂಚ ಹೇಗೆ ಹೊರಗೆ ಬರುತ್ತದೆ ಎಂದರು ಮಾವ, ಡಾಕ್ಟರಿಗಿಂತ ಮೊದಲೇ ಅರ್ಥ ಮಾಡಿಕೊಂಡವರ ಹಾಗೆ. ನಾಲ್ಕು ತಿಂಗಳು ಮಾತ್ರೆ ನುಂಗಿದರೂ ಏದುಸಿರು ಕಡಿಮೆಯಾಗಲಿಲ್ಲ. ಕೊನೆಗೆ ಎದೆ ತೆರೆದು, ಹೃದಯವನ್ನು ನಿಲ್ಲಿಸಿ, ಆ ಗೋಡೆಯ ಉಬ್ಬನ್ನು ಕೆತ್ತಿ ತೆಗೆದರು. ಆ ಆರು ಗಂಟೆ ನಾನು ಹೇಗೆ ಕಳೆದೆ ಎಂದು ಕೇಳಬೇಡಿ.

ಇಷ್ಟಾದ ಮೇಲೆ ಮನೆಯಲ್ಲಿ ನೆಮ್ಮದಿ ಇರಬೇಕಿತ್ತು. ಮನೆಗೆ ಬರುವಾಗ ಆಸ್ಪತ್ರೆಯವರು ಒಂದು ಹಾಳೆ ಕೊಟ್ಟಿದ್ದರು. ಇದು ವಂಶದಲ್ಲಿ ಬರುವ ಕಾಯಿಲೆ, ಆಪರೇಷನ್ನಿನಿಂದ ದಾರಿ ತೆರೆದಿದೆ, ಕಾಯಿಲೆಯ ಬೇರು ಹೋಗಿಲ್ಲ, ತಂದೆ, ತಾಯಿ, ಮಕ್ಕಳು ಎಲ್ಲರೂ ಸ್ಕ್ಯಾನ್ ಮಾಡಿಸಿಕೊಳ್ಳಬೇಕು ಎಂದು ಅದರಲ್ಲಿತ್ತು. ನನಗೆ ಕಂಡದ್ದು ಮಕ್ಕಳು ಎಂಬ ಪದ ಒಂದೇ. ಅತ್ತೆ ಮಾವನಿಗೆ ಕಂಡದ್ದು ವಂಶ ಎಂಬ ಪದ.

"ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ," ಎಂದರು ಮಾವ.

"ನಮ್ಮ ಕಡೆಯಂತೂ ಇಲ್ಲವೇ ಇಲ್ಲ," ಎಂದರು ಅತ್ತೆ. "ನಮ್ಮಪ್ಪ ತೊಂಬತ್ತೊಂದರಲ್ಲೂ ಬೆಟ್ಟ ಹತ್ತುತ್ತಿದ್ದರು."

"ನಿಮ್ಮಪ್ಪ ಹತ್ತಿದ ಬೆಟ್ಟ ನಾನು ನೋಡಿದ್ದೀನಿ. ನಮ್ಮ ವ್ಯಾನು ಅದಕ್ಕಿಂತ ಎತ್ತರ ಇದೆ."

ಇದು ಎರಡು ವಾರ ನಡೆಯಿತು. ಊಟದ ತಟ್ಟೆಯ ಮುಂದೆ ಇಬ್ಬರೂ ಸತ್ತವರನ್ನೆಲ್ಲ ಎಬ್ಬಿಸಿ ಸಾಕ್ಷಿಗೆ ಕರೆದರು. ಸೋದರತ್ತೆಯ ಉಬ್ಬಸ, ದೊಡ್ಡಪ್ಪನ ತಲೆಸುತ್ತು ಒಂದೂ ಬಿಡಲಿಲ್ಲ. ಅನ್ನಕ್ಕೆ ಉಪ್ಪು ಕಡಿಮೆಯಾಗಿದೆ ಎಂದರೂ ಅದು ವಂಶಕ್ಕೇ ಬಂದು ನಿಲ್ಲುತ್ತಿತ್ತು. ಒಬ್ಬರ ಹೆಸರು ಮಾತ್ರ ಇಬ್ಬರೂ ಎತ್ತಲಿಲ್ಲ. ಹಜಾರದ ಗೋಡೆಯ ಮೇಲೆ ಮಾವನ ತಮ್ಮನ ಫೋಟೋ ಇದೆ, ಇಪ್ಪತ್ತೆಂಟು ವರ್ಷದ ನಗುಮುಖ. ನಾನು ಈ ಮನೆಗೆ ಬರುವ ಎಷ್ಟೋ ವರ್ಷ ಮೊದಲು, ಯಾರದೋ ಮನೆಯ ಮೆಟ್ಟಿಲಲ್ಲಿ ಬೀರು ಹೊತ್ತಿದ್ದಾಗ ಸತ್ತವರು. ಕುಡಿತ, ಸೋಮಾರಿತನ, ಮೈಯಲ್ಲಿ ಕಸುವಿರಲಿಲ್ಲ ಎಂದು ಮಾವ ಹೇಳುತ್ತಿದ್ದರು. ನಮ್ಮ ಆಳುಗಳಲ್ಲಿ ಯಾರಾದರೂ ಕೆಲಸದ ನಡುವೆ ಕುಳಿತರೆ "ನನ್ನ ತಮ್ಮನ ಹಾಗೆ ಆಡಬೇಡ" ಎಂದು ಬೈಯುವುದು ಅವರ ರೂಢಿ.

ಮೊದಲು ಅತ್ತೆಯೇ ಹೋದರು, ಮದುವೆಗೆ ಹೊರಟವರ ಹಾಗೆ ಒಳ್ಳೆಯ ಸೀರೆ ಉಟ್ಟು. ಅವರ ಹೃದಯ ಸರಿಯಾಗಿತ್ತು. ಆ ವರದಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಹಚ್ಚಿ ಅಂಟಿಸಿದರು. ಮಾವ ಹಾಲು ತೆಗೆಯಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳಬೇಕು, ಅದೇ ಉದ್ದೇಶ.

ಮರುವಾರ ಮಗಳದು. ಹನ್ನೊಂದು ವರ್ಷದ ಚಿನಕುರಳಿ, ನಾವು ಕರೆಯುವುದೂ ಹಾಗೆಯೇ. ಮಂಚದ ಮೇಲೆ ಮಲಗಿಸಿ ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿದಾಗ ಕಿಲಕಿಲ ನಕ್ಕು ಬೈಸಿಕೊಂಡಳು. ನಾನು ಪರದೆಯ ಮೇಲೆ ಬಡಿಯುತ್ತಿದ್ದ ಆ ಪುಟ್ಟ ಗೋಡೆಯನ್ನೇ ನೋಡುತ್ತ ನಿಂತಿದ್ದೆ. ಈಗ ಏನೂ ಇಲ್ಲ ಎಂದರು. ಆದರೆ ಬೆಳೆಯುವ ವಯಸ್ಸಿನಲ್ಲಿ ಕಾಣಿಸಿಕೊಳ್ಳಬಹುದು, ಪ್ರತಿವರ್ಷ ಬರಬೇಕು ಎಂದರು. ಈಗ ಎಂಬ ಪದವನ್ನು ನಾನು ಮನೆಯವರೆಗೂ ಹೊತ್ತು ತಂದೆ. ಅದಕ್ಕೆ ಯಾವ ತಕ್ಕಡಿಯೂ ಇಲ್ಲ.

ಮಾವ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಭಾರ ಹೊತ್ತೇ ಅರವತ್ತಮೂರು ತುಂಬಿದ ಎದೆ, ಯಾರೋ ಜೆಲ್ಲಿ ಸವರಿ ನೋಡುವುದೇನಿದೆ ಎಂದರು. ನಾನು ಫೋನಿನಲ್ಲಿ ಎರಡು ಸಲ ದಿನ ಗೊತ್ತು ಮಾಡಿದೆ. ಎರಡು ಸಲವೂ ಅದೇ ದಿನ ಅವರಿಗೆ ತಪ್ಪಿಸಲಾಗದ ಕೆಲಸ ಹುಟ್ಟಿಕೊಂಡಿತು. ಕೆಲಸ ಹಿಡಿಯುವವಳು ನಾನೇ. ನನಗೆ ಗೊತ್ತಿಲ್ಲದ ಕೆಲಸ ಎಲ್ಲಿಂದ ಬಂತು ಎಂದು ಕೇಳಿದರೆ ವ್ಯಾನಿನ ಚಕ್ರ ನೋಡಬೇಕು ಎಂದರು.

ಇತ್ತ ಇವರು ದಿನದಿನಕ್ಕೆ ಚಿಗುರುತ್ತಿದ್ದರು. ನಾಲ್ಕನೆಯ ವಾರಕ್ಕೆ ಕೆಳಗಿನ ಬೀದಿಯಿಂದ ಮೂರನೆಯ ಮಹಡಿಗೆ ಎಲ್ಲೂ ನಿಲ್ಲದೆ ಹತ್ತಿ ಬಂದು, ಬಾಗಿಲಲ್ಲಿ ನಿಂತು, "ನೋಡು, ಮಾತಾಡೋಕೂ ಆಗ್ತಿದೆ," ಎಂದರು. ನಾನು ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಮದುವೆಯಾಗಿ ಹದಿಮೂರು ವರ್ಷಗಳಲ್ಲಿ ಇವರು ಮೆಟ್ಟಿಲು ಹತ್ತಿ ಬಂದು ತಕ್ಷಣ ಮಾತಾಡಿದ್ದನ್ನು ನಾನು ನೋಡಿರಲಿಲ್ಲ, ಗಂಡನಿಗೆ ಮಾತು ಕಡಿಮೆ ಎಂದೇ ತಿಳಿದಿದ್ದೆ.

ಆಮೇಲೆ ಅದೇ ಒಂದು ಚಾಳಿಯಾಯಿತು. ಪಕ್ಕದ ಮನೆಯವರ ಕಸವನ್ನೂ ಇವರೇ ಕೆಳಗೆ ಹಾಕಿ ಬರುವರು, ಮರೆತ ಬೆಂಕಿಪೊಟ್ಟಣಕ್ಕೆ ನಾಲ್ಕು ಸಲ ಅಂಗಡಿಗೆ ಹೋಗುವರು. ಮನೆಯಲ್ಲಿ ಕುಳಿತರೆ ಕೈ ತುರಿಸುತ್ತಿತ್ತು. ಎದೆಯ ಮೂಳೆಯನ್ನು ತಂತಿಯಲ್ಲಿ ಬಿಗಿದಿದ್ದಾರೆ, ಮೂರು ತಿಂಗಳು ಐದು ಕಿಲೋ ಮೀರಿ ಎತ್ತಬಾರದು, ಆಮೇಲೂ ಉಸಿರು ಬಿಗಿಹಿಡಿದು ಎತ್ತುವ ಭಾರ ಬೇಡ ಎಂದು ಡಾಕ್ಟರು ಹೇಳಿದ್ದರು. ನಮ್ಮ ಕಸುಬಿನಲ್ಲಿ ಉಸಿರು ಬಿಗಿಹಿಡಿಯದೆ ಎತ್ತುವ ಭಾರ ಅಂದರೆ ದಿಂಬು.

ಏಳನೆಯ ವಾರ ಒಂದು ಮಧ್ಯಾಹ್ನ ಚಿನಕುರಳಿ ಶಾಲೆಯಿಂದ ಬಂದವಳೇ ನನ್ನ ಕಿವಿಯಲ್ಲಿ, ಅಪ್ಪ ಮಂಚ ಎತ್ತಿ ನೋಡ್ತಿದ್ದಾರೆ ಎಂದಳು. ಹೋಗಿ ನೋಡಿದರೆ ನಿಜ. ಮಂಚದ ಒಂದು ಕಾಲು ಗೇಣುದ್ದ ಗಾಳಿಯಲ್ಲಿತ್ತು.

"ಇಳಿಸ್ತೀರೋ, ಅಥವಾ ನಾನೇ ಅದರ ಮೇಲೆ ಕೂತ್ಕೊಳ್ಲೋ?" ಎಂದೆ.

ಇಳಿಸಿದರು. ಆದರೆ ಮುಖ ಗಂಟಿಕ್ಕಿ, "ಅಪ್ಪ ಈ ವಯಸ್ಸಲ್ಲಿ ಕೆಳಗೆ ಹಿಡೀತಿದ್ದಾರೆ, ನಾನು ಕಸ ಹಾಕ್ಕೊಂಡು ಓಡಾಡ್ತಿದ್ದೀನಿ. ನಾನು ಗಂಡಸಾಗಿ ಏನು ಮಾಡ್ಬೇಕು ಹೇಳು," ಎಂದರು.

"ಬದುಕಿರ್ಬೇಕು. ಅಷ್ಟು ಮಾಡಿ ಸಾಕು."

ಎರಡು ದಿನ ಮಾತು ಬಿಟ್ಟೆವು. ಉಪ್ಪು ಕೊಡು ಎನ್ನುವುದಕ್ಕೂ ಮಗಳೇ ನಡುವೆ ಓಡಾಡಿದಳು, ಅದನ್ನು ಅವಳು ಆಟವೆಂದೇ ತಿಳಿದು ಇಲ್ಲದ ಮಾತನ್ನೂ ಸೇರಿಸಿ ಹೇಳುತ್ತಿದ್ದಳು.

ಆದರೆ ಇವರು ಹೇಳಿದ್ದು ನನ್ನ ತಲೆ ಹೊಕ್ಕಿತ್ತು. ಕೈ ಕಡಿಮೆ ಬಿದ್ದು ಮಾವ ಕೆಳಗೆ ಹಿಡಿಯುತ್ತಿದ್ದರು, ಅದೂ ಇವರು ಬಿದ್ದಾಗಿನಿಂದ. ನಾನು ಅವರನ್ನು ಗಮನಿಸಿ ನೋಡತೊಡಗಿದೆ. ನಮ್ಮ ಕಟ್ಟಡದ ಪ್ರತಿ ತಿರುವಿನಲ್ಲೂ ಮಾವ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಒಂದು ದಿನ ಅವರು ಸ್ನಾನಕ್ಕೆ ಹೋದಾಗ ಆ ಚಪ್ಪಲಿಯನ್ನು ಎತ್ತಿ ನೋಡಿದೆ. ಪಟ್ಟಿ ಗಟ್ಟಿಯಾಗಿಯೇ ಇತ್ತು.

ಅತ್ತೆಯ ಹತ್ತಿರ ಹೇಳಿದೆ. ತರಕಾರಿ ಹೆಚ್ಚುತ್ತಿದ್ದ ಅವರ ಕೈ ನಿಂತಿತು. ಆ ಚಪ್ಪಲಿಯ ಆಟ ಇವತ್ತಿನದಲ್ಲ, ಎರಡು ವರ್ಷದ್ದು ಎಂದರು. ಸುಮ್ಮನೆ ಇದ್ದುಬಿಟ್ಟಿರಾ ಎಂದು ನಾನು ಕೇಳಿದೆ. ಅವರು ಹಜಾರದ ಗೋಡೆಯ ಫೋಟೋವನ್ನು ಗಲ್ಲದಿಂದಲೇ ತೋರಿಸಿ, "ಅವನು ಕುಡಿದಿರಲಿಲ್ಲ ಕಣೇ. ಆ ದಿನ ಬೆಳಗ್ಗೆ ತಿಂಡಿ ಹಾಕಿದ್ದು ನಾನೇ. ಒಂದು ತೊಟ್ಟೂ ಮುಟ್ಟಿರಲಿಲ್ಲ," ಎಂದರು.

"ಮತ್ತೆ ಮಾವ ಯಾಕೆ ಹಾಗೆ ಹೇಳ್ತಾರೆ?"

"ಹಾಗೆ ಹೇಳದೆ ಇದ್ರೆ ಅವರು ಉಳೀತಿರಲಿಲ್ಲ." ಮತ್ತೆ ಹೆಚ್ಚತೊಡಗಿದರು. ನನಗೆ ಅದು ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

ಹತ್ತನೆಯ ವಾರ ಒಂದು ದೊಡ್ಡ ಕೆಲಸ ಬಂತು. ನಾಲ್ಕನೆಯ ಮಹಡಿ, ಲಿಫ್ಟಿನಲ್ಲಿ ಹಿಡಿಯದ ಮೂರು ಬಾಗಿಲ ಮರದ ಬೀರು. ನಾನು ಗಾಜಿನ ಸಾಮಾನಿಗೆ ಹೋಗಿದ್ದೆ. ಇವರು ಸುಮ್ಮನೆ ನಿಂತು ನೋಡುತ್ತೇನೆ, ಕೈ ಹಚ್ಚುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಬಂದಿದ್ದರು. ಮೇಲೆ ಗಡ್ಡದವನು, ಪಕ್ಕದಲ್ಲಿ ಇನ್ನೊಬ್ಬ ಆಳು, ಕೆಳಗೆ ಮಾವ.

ನಾನು ಮೂರನೆಯ ಮಹಡಿಯ ತಿರುವಿನಲ್ಲಿ ಲೋಟಗಳ ಪೆಟ್ಟಿಗೆ ಹಿಡಿದು ದಾರಿ ಬಿಟ್ಟು ನಿಂತಿದ್ದೆ. ಇವರು ನನಗಿಂತ ಎರಡು ಮೆಟ್ಟಿಲು ಮೇಲಿದ್ದರು. ಗಡ್ಡದವನು ಹಿಂದೆ ಹಿಂದೆ ಹತ್ತುತ್ತ "ಹಾಂ, ಹಾಂ" ಎನ್ನುತ್ತಿದ್ದ, ಬೀರು ಅಡ್ಡವಿದ್ದುದರಿಂದ ಅವನಿಗೆ ಮಾವ ಕಾಣುತ್ತಿರಲಿಲ್ಲ. ನಮಗೆ ಕಾಣುತ್ತಿದ್ದರು. ತುಟಿ ಬಿಳಿಚಿಕೊಂಡಿತ್ತು, ಕಣ್ಣು ಎಲ್ಲೋ ನೆಟ್ಟಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಆದರೂ ಬಾಯಿ ಬಿಗಿದೇ ಇತ್ತು.

"ಇಳಿಸಿ," ಎಂದರು ಇವರು.

ಗಡ್ಡದವನು ತಬ್ಬಿಬ್ಬಾಗಿ ತಲೆ ಎತ್ತಿದ. ಕೆಳಗಿನಿಂದ ಮಾವನ ದನಿ ಬಂತು, ಸೋರಿಹೋದ ದನಿ. "ಯಾರೋ ಅದು? ಮೆಟ್ಟಿಲ ಮೇಲೆ ಮಾತಾಡೋನು ಒಬ್ಬನೇ."

"ಇವತ್ತು ಆ ಒಬ್ಬ ನಾನು. ಗಡ್ಡ, ಮೂರು ಎಣಿಸ್ತೀನಿ, ಇಳಿಸು."

ಎಣಿಸಿದರು. ಬೀರು ಮೆಟ್ಟಿಲ ಮೇಲೆ ಕುಳಿತಿತು, ಇಬ್ಬರು ಆಳುಗಳು ಹೆಗಲು ಕೊಟ್ಟು ತಡೆದರು. ಮಾವ ಪಕ್ಕಕ್ಕೆ ಸರಿದು ಗೋಡೆ ಹಿಡಿದು ಕೂತರು. ನಾನು ಪೆಟ್ಟಿಗೆಯಿಂದ ಒಂದು ಲೋಟ ಬಿಚ್ಚಿ ನೀರು ತಂದೆ. ಕುಡಿಯಲಿಲ್ಲ, ಹಿಡಿದುಕೊಂಡರು. ಬೈಯುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಯಾರನ್ನೂ ನೋಡದೆ ಹೇಳಿದರು.

"ಅವನು ಮೂರು ಸಲ ಕೇಳಿದ್ದ."

"ಯಾರು ಅಪ್ಪ?"

"ನನ್ನ ತಮ್ಮ. ಅಣ್ಣಾ, ನಿಲ್ಲು ಅಂದ. ನಾನು ಮೇಲಿದ್ದೆ. ಮೂರನೇ ಸಲ ಕೇಳಿದಾಗ, ನಾಟಕ ಮಾಡ್ಬೇಡ, ಇನ್ನು ಐದೇ ಮೆಟ್ಟಿಲು ಅಂದೆ." ಲೋಟವನ್ನು ಮೆಟ್ಟಿಲ ಮೇಲೆ ಇಟ್ಟರು. "ಕೆಳಗಿನವನು ಮಾತಾಡಬಾರದು ಅನ್ನೋ ಕಟ್ಟಳೆ ಅವತ್ತು ಇರಲಿಲ್ಲ. ಆಮೇಲೆ ಮಾಡಿದ್ದು."

ಇವರು ಇಳಿದು ಬಂದು ಅಪ್ಪನ ಪಕ್ಕ ಕೂತರು. ಬೀರು ಅಲ್ಲೇ ಉಳಿಯಿತು. ಮನೆಯಾಕೆ ಮೇಲಿನಿಂದ ಬಗ್ಗಿ ಏನಾಯಿತು ಎಂದು ಎರಡು ಸಲ ಕೇಳಿದರು. ಸ್ವಲ್ಪ ಸುಧಾರಿಸಿಕೊಳ್ಳುತ್ತಿದ್ದೇವೆ ಎಂದೆ. ಆ ಮಾತನ್ನು ನಮ್ಮವರ ಪೈಕಿ ಯಾರೂ ಗಿರಾಕಿಗೆ ಹೇಳಿದ್ದಿಲ್ಲ. ಪಕ್ಕದ ವ್ಯಾನಿನವರಿಂದ ಇನ್ನಿಬ್ಬರನ್ನು ಕರೆಸಿ ಬೀರು ಮುಟ್ಟಿಸಿದೆವು.

ಮರುದಿನ ಬೆಳಗ್ಗೆ ಚಹಾ ಕುಡಿಯುತ್ತ, ಸ್ಕ್ಯಾನಿಗೆ ಯಾವತ್ತು ಹೋಗಬೇಕು ಎಂದು ಮಾವ ತಾವಾಗಿಯೇ ಕೇಳಿದರು. ನಾನು ಕಪ್ಪು ಕೆಳಗಿಟ್ಟು ಫೋನಿಗೆ ಓಡಿದೆ, ಮನಸ್ಸು ಬದಲಾದರೆ ಎಂಬ ಭಯ.

ಹೋಗುವ ದಿನ ಅಡುಗೆಮನೆಗೆ ಬಂದಾಗ ಫ್ರಿಜ್ಜಿನ ಬಾಗಿಲು ಬೋಳಾಗಿತ್ತು. ವರದಿಯನ್ನು ಅತ್ತೆ ನಾಲ್ಕು ಮಡಿಕೆ ಮಾಡಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದರು. ನಾನು ನೋಡಿದ್ದನ್ನು ನೋಡಿ, "ಅವರು ವಾಪಸ್ ಬರುವಾಗ ಅದು ಅಲ್ಲಿರೋದು ಬೇಡ," ಎಂದರು. ಜಗಳವಾಡಿದ ಆ ಎರಡು ವಾರವೂ ಕಾಯಿಲೆ ಯಾರ ಕಡೆಯದೆಂದು ಅವರಿಗೆ ಗೊತ್ತಿತ್ತು ಅನ್ನಿಸಿ ನನಗೆ ಸಿಟ್ಟೂ ಬಂತು, ಮರುಕವೂ ಬಂತು.

ಅದೇ ಮಂಚ, ಅದೇ ಜೆಲ್ಲಿ. ಮಾವ ನಗಲಿಲ್ಲ. ಅವರ ಹೃದಯದ ಗೋಡೆಯೂ ಅದೇ ಜಾಗದಲ್ಲಿ ದಪ್ಪವಾಗಿತ್ತು. ದಾರಿ ಮಗನಿಗೆ ಮುಚ್ಚಿದಷ್ಟು ಮುಚ್ಚಿರಲಿಲ್ಲ, ಸದ್ಯಕ್ಕೆ ಕತ್ತರಿ ಬೇಡ, ಮಾತ್ರೆ ಸಾಕು, ಭಾರ ಎತ್ತುವುದು ಇವತ್ತಿಗೆ ಬಂದ್ ಎಂದರು ಡಾಕ್ಟರು. ಮಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಇಪ್ಪತ್ತೆಂಟು ವರ್ಷದವನಿಗೂ ಇದು ಇರಬಹುದೇ ಎಂದು ಕೇಳಿದರು. ಯಾರಿಗೆ ಎಂದರು ಡಾಕ್ಟರು.

"ನನ್ನ ತಮ್ಮನಿಗೆ. ಬೀರು ಹೊತ್ತಿದ್ದಾಗಲೇ ಹೋದ."

ನೋಡದೆ ಹೇಳಲಾಗದು ಎಂದ ಡಾಕ್ಟರು, ಆದರೆ ಇರಬಹುದು, ಹಾಗೆ ಹೋಗುವವರು ಹೆಚ್ಚಾಗಿ ಆ ವಯಸ್ಸಿನವರೇ ಎಂದರು. ಮಾವ ತಲೆಯಾಡಿಸಿದರು. ಹೊರಗಿನ ಬೆಂಚಿನ ಮೇಲೆ ಬಂದು ಕೂತು, "ಅವನು ನಾಟಕ ಮಾಡ್ತಿರಲಿಲ್ಲ," ಎಂದರು. ಅಷ್ಟು ಹೇಳಿ, ಇಷ್ಟು ವರ್ಷಕ್ಕೆ ಅತ್ತರು. ಇವರು ಏನು ಮಾಡಬೇಕೆಂದು ತಿಳಿಯದೆ ಅಪ್ಪನ ಚಪ್ಪಲಿಯ ಪಟ್ಟಿಯನ್ನು ಬಗ್ಗಿ ಸರಿಮಾಡಿದರು.

ಮನೆಗೆ ಬಂದಾಗ ಇವರು ವ್ಯಾನು ನಿಲ್ಲಿಸಲು ಹಿತ್ತಲಿಗೆ ಹೋದರು. ನಾನು ಮಾತ್ರೆಯ ಚೀಲ ಹಿಡಿದು ಮುಂದೆ ಹತ್ತುತ್ತಿದ್ದೆ, ಹಿಂದೆ ಮಾವನ ಹೆಜ್ಜೆ ಕೇಳುತ್ತಿತ್ತು. ಒಂದನೆಯ ತಿರುವು, ಎರಡನೆಯ ತಿರುವು ಕಳೆಯಿತು. ಚಪ್ಪಲಿಗೆ ಬಗ್ಗಲಿಲ್ಲ. ಮನೆಯ ಬಾಗಿಲು ಕಣ್ಣಿಗೆ ಬಿತ್ತು, ಒಳಗಿನಿಂದ ಒಗ್ಗರಣೆಯ ವಾಸನೆಯೂ ಬಂತು.

"ನಿಲ್ಲಮ್ಮ," ಎಂದರು ಮಾವ ಕೆಳಗಿನಿಂದ.

ನಾನು ಬಾಗಿಲ ಕಡೆ ನೋಡಿದೆ. ಉಳಿದದ್ದು ಐದೇ ಮೆಟ್ಟಿಲು. ಹಾಗೆನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಇಳಿದು ಹೋಗಿ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಸದ್ದು ಕೇಳಿ ಅತ್ತೆ ಬಾಗಿಲು ತೆರೆದು ನಮ್ಮನ್ನು ನೋಡಿದರು, ಊಟಕ್ಕೆ ಅವಸರವೇನಿಲ್ಲ ಎಂದು ಬಾಗಿಲನ್ನು ತೆರೆದೇ ಇಟ್ಟು ಒಳಗೆ ಹೋದರು. ಮಾವ ಏಳುವವರೆಗೆ ನಾನೂ ಏಳಲಿಲ್ಲ.